ಶುಗರ್ ಇದ್ದವರ ವಿಮೆ: ಮೂರು ವರ್ಷದ ಲೆಕ್ಕ ಒಂದಲ್ಲ, ಎರಡು

2025ರ ಸೆಪ್ಟೆಂಬರ್ 22ರಿಂದ ನಾವು ನೀವು ಸ್ವಂತಕ್ಕೆ ಕೊಳ್ಳುವ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ಅಲ್ಲಿಯವರೆಗೆ ಶೇ 18 ಕಟ್ಟಬೇಕಿತ್ತು. ತೆರಿಗೆ ಹೋಯಿತು ಎಂಬ ಸುದ್ದಿಯ ಹಿಂದೆಯೇ ಏಜೆಂಟರ ವಾಟ್ಸ್‌ಆ್ಯಪ್ ಮೆಸೇಜುಗಳು ಬಂದವು. 'ಶುಗರ್, ಬಿಪಿ ಇದ್ದರೂ ಪಾಲಿಸಿ', 'ಮೂರು ವರ್ಷ ಆದ್ರೆ ಎಲ್ಲಾ ಕವರ್', 'ಐದು ವರ್ಷ ಕಟ್ಟಿದ್ರೆ ಕಂಪನಿ ಏನೂ ಕೇಳೋ ಹಾಗಿಲ್ಲ'.

ಇದರಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಯಾವುದೂ ಪೂರ್ತಿ ನಿಜವೂ ಅಲ್ಲ. ಕಷ್ಟ ಇರುವುದು ಅಲ್ಲೇ.

ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಹೈದರಾಬಾದಿನಲ್ಲಿ ಕೂತಿರುವ ಐಆರ್‌ಡಿಎಐ, 2024ರಲ್ಲಿ ಆರೋಗ್ಯ ವಿಮೆಯ ನಿಯಮಗಳನ್ನು ದೊಡ್ಡದಾಗಿ ಬದಲಿಸಿತು. ಏಪ್ರಿಲ್ 1ರಿಂದ ಹೊಸ ನಿಯಮ ಬಂತು. ಮೇ 29ರಂದು ಅದರ ವಿವರಗಳ ಮಾಸ್ಟರ್ ಸುತ್ತೋಲೆ ಬಂತು. ಮೊದಲೇ ಇದ್ದ ಕಾಯಿಲೆಗೆ ವಿಮೆ ಹಣ ಸಿಗಲು ಕಾಯಬೇಕಾದ ಗರಿಷ್ಠ ಅವಧಿ 4 ವರ್ಷದಿಂದ 3 ವರ್ಷಕ್ಕೆ ಇಳಿಯಿತು. ಹಳೆಯ ಮಾಹಿತಿ ಕೆದಕಿ ಕ್ಲೇಮ್ ತಿರಸ್ಕರಿಸುವ ಅವಕಾಶ 8 ವರ್ಷದಿಂದ 5 ವರ್ಷಕ್ಕೆ ಇಳಿಯಿತು. 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲ ಎನ್ನುವ ಪರಿಪಾಠಕ್ಕೂ ತಡೆ ಬಿತ್ತು. ಗ್ರಾಹಕರಿಗೆ ಇದು ಒಳ್ಳೆಯದೇ. ಆದರೆ ಸಡಿಲವಾದದ್ದು ಕಾಯುವ ಲೆಕ್ಕ ಮಾತ್ರ. ಇದ್ದದ್ದನ್ನು ಇದ್ದ ಹಾಗೆ ಹೇಳುವ ಹೊಣೆ ಒಂದಿಷ್ಟೂ ಸಡಿಲವಾಗಿಲ್ಲ. ಹಳೆ ಕಾಯಿಲೆಯ ಕ್ಲೇಮ್ ತಿರಸ್ಕಾರವಾಗುವುದು ಎಷ್ಟೋ ಸಲ ಈ ಎರಡನ್ನು ಒಂದೇ ಅಂದುಕೊಂಡ ಕಡೆ.

ಒಂದೇ ಕಾಯಿಲೆ, ಮನೆಗೊಂದು ನಿಯಮ

ಬಳ್ಳಾರಿ ಜಿಲ್ಲೆಯ ನಾಲ್ಕು ಮನೆ ತೆಗೆದುಕೊಳ್ಳೋಣ. ನಾಲ್ಕರಲ್ಲೂ ಒಬ್ಬರಿಗೆ ಹತ್ತು ವರ್ಷದ ಶುಗರ್ ಇದೆ, ಈಗ ಕಿಡ್ನಿಗೆ ಬಂದಿದೆ ಅಂದುಕೊಳ್ಳಿ.

ಮೊದಲ ಮನೆ ಸಿರುಗುಪ್ಪದ ಕಡೆಯ ಕೂಲಿ ಕುಟುಂಬ, ಬಿಪಿಎಲ್ ಕಾರ್ಡ್ ಇದೆ. ಇವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಕಾಯಿಲೆ ಯಾವಾಗ ಬಂತು ಅಂತ ಯಾರೂ ಕೇಳುವುದಿಲ್ಲ. ಕಾಯುವ ಅವಧಿಯೂ ಇಲ್ಲ. ಆದರೆ ದಾರಿ ಸರ್ಕಾರಿ ಆಸ್ಪತ್ರೆಯಿಂದಲೇ ಶುರುವಾಗಬೇಕು. ತುರ್ತು ಸಂದರ್ಭ ಬಿಟ್ಟರೆ, ಜನ ಇನ್ನೂ ವಿಮ್ಸ್ ಅಂತಲೇ ಕರೆಯುವ ಬಳ್ಳಾರಿಯ ಬಿಎಂಸಿಆರ್‌ಸಿಯಂಥ ಕಡೆಯಿಂದ ರೆಫರಲ್ ಚೀಟಿ ಇಲ್ಲದೆ ಖಾಸಗಿ ಆಸ್ಪತ್ರೆಗೆ ಹೋಗುವಂತಿಲ್ಲ.

ಎರಡನೆಯದು ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ, ಇರುವ ಕಾರ್ಮಿಕನ ಮನೆ. ತಿಂಗಳ ಸಂಬಳ 21,000 ರೂಪಾಯಿ ಒಳಗೆ. ಸಂಬಳದಲ್ಲಿ ಶೇ 0.75 ಇವರದು, ಶೇ 3.25 ಮಾಲೀಕರದು. ಇಲ್ಲೂ ಹಳೆಯ ಕಾಯಿಲೆ ಹೊಸ ಕಾಯಿಲೆ ಎಂಬ ಭೇದವಿಲ್ಲ. ಜೀನ್ಸ್‌ಗೆ ಹೆಸರಾದ ಬಳ್ಳಾರಿಯಲ್ಲಿ ಇಎಸ್‌ಐ ಚೀಟಿ ಇಲ್ಲದೆ ಮನೆಯಲ್ಲೇ ಪೀಸ್ ಲೆಕ್ಕಕ್ಕೆ ಹೊಲಿಯುವವರೂ ಬಹಳ. ಅವರ ಕಥೆ ಬೇರೆ.

ಮೂರನೆಯವರು ತೋರಣಗಲ್ಲು ಕಡೆಯ ದೊಡ್ಡ ಕಾರ್ಖಾನೆಯ ಕಾಯಂ ನೌಕರರು. ಕಂಪನಿಯೇ ಗ್ರೂಪ್ ಪಾಲಿಸಿ ಮಾಡಿಸಿರುತ್ತದೆ. ಇಂಥ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಹಳೆ ಕಾಯಿಲೆಗೂ ಮೊದಲ ದಿನದಿಂದಲೇ ಹಣ ಸಿಗುತ್ತದೆ.

ನಾಲ್ಕನೆಯದು ಎಪಿಎಂಸಿಯಲ್ಲಿ ಅಂಗಡಿ ಇಟ್ಟವರದು. ಎಪಿಎಲ್ ಕಾರ್ಡ್. ಸರ್ಕಾರಿ ಯೋಜನೆಯಲ್ಲಿ ಇವರಿಗೆ ಸಿಗುವುದು ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆ ಗೊತ್ತು ಮಾಡಿದ ದರದ, ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಹಾಗಾಗಿ ಸ್ವಂತ ದುಡ್ಡಲ್ಲಿ ಪಾಲಿಸಿ ಕೊಳ್ಳುತ್ತಾರೆ. ಕಾಯುವ ಅವಧಿ, ಫಾರಂ, ಹಳೆ ಚೀಟಿಗಳ ಹುಡುಕಾಟ ಎಲ್ಲವೂ ಈ ಮನೆಗೆ ಮಾತ್ರ.

ಪಕ್ಕದ ಮನೆಯವರಿಗೆ ಸಿಕ್ಕಿತು, ನಮಗೆ ಯಾಕೆ ಇಲ್ಲ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಂದಲೇ. ಈ ಲೇಖನದ ಉಳಿದ ಭಾಗ ಹೆಚ್ಚಾಗಿ ಆ ನಾಲ್ಕನೆಯ ಮನೆಯ ಬಗ್ಗೆ.

ಕಾಯಿಸುವುದು ಯಾಕೆ?

ಕಂಪನಿಗಳು ಸುಮ್ನೆ ಸತಾಯಿಸುತ್ತವೆ ಅಂತ ಹೇಳುವುದು ಸುಲಭ. ಆದರೆ ಇದರ ಹಿಂದೆ ಒಂದು ಲೆಕ್ಕ ಇದೆ. ಅದನ್ನು ನೋಡದೆ ಮುಂದೆ ಹೋದರೆ ಯಾವ ನಿಯಮವೂ ಅರ್ಥವಾಗುವುದಿಲ್ಲ.

ನೂರು ಜನ ಸೇರಿ ತಲೆಗೆ 10,000 ರೂಪಾಯಿ ಹಾಕಿದರು ಅನ್ನಿ. 10 ಲಕ್ಷ ಸೇರಿತು. ವರ್ಷದಲ್ಲಿ ನಾಲ್ಕು ಜನ ಆಸ್ಪತ್ರೆ ಸೇರಿದರು, ಒಬ್ಬೊಬ್ಬರಿಗೆ 2 ಲಕ್ಷದಂತೆ 8 ಲಕ್ಷ ಖರ್ಚಾಯಿತು. ಉಳಿದದ್ದು ಆಫೀಸು, ಕಮಿಷನ್ ಅಂತ ಹೋಯಿತು. ಲೆಕ್ಕ ಸರಿಹೋಯಿತು.

ಈಗ ಬಾಗಿಲು ಪೂರ್ತಿ ತೆರೆದಿಟ್ಟರು. ಆಪರೇಷನ್‌ಗೆ ದಿನ ಗೊತ್ತಾದ ಐದು ಜನ ಹಿಂದಿನ ವಾರ ಬಂದು 10,000 ಕಟ್ಟಿದರು. ಅವರಿಂದ ಬಂದದ್ದು 50 ಸಾವಿರ, ಅವರಿಗೆ ಹೋದದ್ದು 10 ಲಕ್ಷ. ಒಟ್ಟು ಆಸ್ಪತ್ರೆ ಬಿಲ್ 18 ಲಕ್ಷ. 105 ಜನಕ್ಕೆ ಹಂಚಿದರೆ ತಲೆಗೆ 17,000 ದಾಟುತ್ತದೆ. ಮುಂದಿನ ವರ್ಷ ಗಟ್ಟಿಮುಟ್ಟಾದವರು 'ಇಷ್ಟೊಂದು ಯಾಕೆ ಕಟ್ಟಬೇಕು' ಅಂತ ಬಿಡುತ್ತಾರೆ. ಉಳಿದವರ ಮೇಲೆ ಹೊರೆ ಇನ್ನೂ ಏರುತ್ತದೆ. ಮೊದಲ ತಿಂಗಳೇ ಚೀಟಿ ಎತ್ತಿಕೊಂಡು ಕಂತು ನಿಲ್ಲಿಸಿದವರಿಂದ ಚೀಟಿ ಗುಂಪು ಒಡೆಯುತ್ತದಲ್ಲ, ಹಾಗೆಯೇ.

ಕಾಯುವ ಅವಧಿ ಈ ಒಂದು ಭಯಕ್ಕೆ ಹಾಕಿದ ಬೇಲಿ. ಬೇಕಾದವರು ಬೇಕಾದಾಗ ಒಳಗೆ ಬರಬಹುದಾದ ಕಡೆ ಬೇಲಿ ಇರುತ್ತದೆ. ಆರೋಗ್ಯವಂತರು, ರೋಗಿಗಳು ಎಲ್ಲರನ್ನೂ ಒಟ್ಟಿಗೆ ತಂದ ಕಡೆ ಅದು ಬೇಕಾಗುವುದಿಲ್ಲ. ಬಿಪಿಎಲ್ ಯೋಜನೆಯಲ್ಲಿ ಇಡೀ ಪಟ್ಟಿಯೇ ಒಳಗಿದೆ, ದುಡ್ಡು ಸರ್ಕಾರದ್ದು. ಇಎಸ್‌ಐ ಕಡ್ಡಾಯ. ಗ್ರೂಪ್ ಪಾಲಿಸಿಯಲ್ಲಿ 25ರ ಹುಡುಗನೂ 58ರ ಹಿರಿಯನೂ ಒಂದೇ ದಿನ ಸೇರುತ್ತಾರೆ. ಸಿರುಗುಪ್ಪದ ಮನೆಗೆ ಇಲ್ಲದ ನಿಯಮ ಎಪಿಎಂಸಿ ಅಂಗಡಿಯವರಿಗೆ ಇರುವುದು ಇದೇ ಕಾರಣಕ್ಕೆ.

ಹಾಗಂತ ಕಂಪನಿ ಹೇಳಿದ ಅವಧಿಯೆಲ್ಲ ನ್ಯಾಯ ಅಂತ ಅಲ್ಲ. ಆಪರೇಷನ್‌ಗೆ ಮುಂಚಿನ ವಾರ ಬರುವವರನ್ನು ತಡೆಯಲು ನಾಲ್ಕು ವರ್ಷ ಬೇಕಿರಲಿಲ್ಲ. ಮೂರೂ ಜಾಸ್ತಿಯೇ ಅನ್ನುವವರಿದ್ದಾರೆ, ಆ ವಾದದಲ್ಲಿ ಹುರುಳಿದೆ.

ಹಿಂದಕ್ಕೆ ಮೂರು, ಮುಂದಕ್ಕೆ ಮೂರು

ಈಗ ಗೊಂದಲದ ಗಂಟಿಗೆ ಬರೋಣ. 36 ತಿಂಗಳು ಎಂಬ ಸಂಖ್ಯೆ ನಿಯಮದಲ್ಲಿ ಎರಡು ಸಲ ಬರುತ್ತದೆ. ಎರಡರ ಕೆಲಸವೂ ಬೇರೆ ಬೇರೆ.

ಒಂದು, ಹಿಂದಕ್ಕೆ ನೋಡುವ 36 ತಿಂಗಳು. ಪಾಲಿಸಿ ಶುರುವಾದ ದಿನದಿಂದ ಹಿಂದಿನ 36 ತಿಂಗಳಲ್ಲಿ ಡಾಕ್ಟರ್ ಪತ್ತೆ ಮಾಡಿದ ಕಾಯಿಲೆ, ಅಥವಾ ಆ ಅವಧಿಯಲ್ಲಿ ಡಾಕ್ಟರ್ ಸಲಹೆ, ಚಿಕಿತ್ಸೆ ಕೊಟ್ಟ ಕಾಯಿಲೆ 'ಮೊದಲೇ ಇದ್ದ ಕಾಯಿಲೆ' ಅನ್ನಿಸಿಕೊಳ್ಳುತ್ತದೆ. ಎರಡು, ಮುಂದಕ್ಕೆ ಎಣಿಸುವ 36 ತಿಂಗಳು. ಹಾಗೆ ಅನ್ನಿಸಿಕೊಂಡ ಕಾಯಿಲೆಗೂ ಅದರಿಂದ ನೇರವಾಗಿ ಹುಟ್ಟುವ ತೊಂದರೆಗೂ ಹೆಚ್ಚೆಂದರೆ ಅಷ್ಟು ಕಾಲ ಹಣ ಸಿಗುವುದಿಲ್ಲ.

ದಿನಾಂಕ ಹಾಕಿ ನೋಡಿದರೆ ಬಿಡಿಸಿಕೊಳ್ಳುತ್ತದೆ. 2025ರ ಡಿಸೆಂಬರ್ 1ಕ್ಕೆ ಪಾಲಿಸಿ ಶುರು ಅನ್ನಿ. ಕಂಪನಿ ಹಿಂದಕ್ಕೆ ನೋಡುವುದು 2022ರ ಡಿಸೆಂಬರ್ 1ರವರೆಗೆ. ಕಾಯಬೇಕಾದದ್ದು ಹೆಚ್ಚೆಂದರೆ 2028ರ ನವೆಂಬರ್ ಕೊನೆಯವರೆಗೆ.

ಒಬ್ಬರಿಗೆ 2015ರಲ್ಲೇ ಶುಗರ್ ಪತ್ತೆಯಾಗಿದೆ. 'ಹತ್ತು ವರ್ಷ ಆಯ್ತು, 36 ತಿಂಗಳಿಗಿಂತ ಹಿಂದಿನದು, ಲೆಕ್ಕಕ್ಕೆ ಬರಲ್ಲ' ಅಂತ ಅವರು ಅಂದುಕೊಂಡರೆ ತಪ್ಪು. ಇವತ್ತಿಗೂ ಮಾತ್ರೆ ನುಂಗುತ್ತಿದ್ದಾರೆ, ಡಾಕ್ಟರಿಗೆ ತೋರಿಸುತ್ತಿದ್ದಾರೆ. ಅಂದರೆ ಈ ಮೂರು ವರ್ಷದ ಒಳಗೆ ಚಿಕಿತ್ಸೆ ಇದೆ. ಕಾಯಿಲೆ ಲೆಕ್ಕಕ್ಕೆ ಬಂತು.

ಇನ್ನೊಬ್ಬರು 2019ರಲ್ಲಿ ಕಿಡ್ನಿ ಕಲ್ಲು ತೆಗೆಸಿದ್ದರು. ಆಮೇಲೆ ಆ ವಿಷಯಕ್ಕೆ ಆಸ್ಪತ್ರೆ ಮೆಟ್ಟಿಲು ಹತ್ತಿಲ್ಲ. ವ್ಯಾಖ್ಯೆಯ ಪ್ರಕಾರ ಅದು ಮೊದಲೇ ಇದ್ದ ಕಾಯಿಲೆ ಅಲ್ಲ. ಆದರೆ ಇಲ್ಲೊಂದು ಕೊಕ್ಕೆ ಇದೆ. 'ಹಿಂದೆ ಯಾವಾಗಲಾದರೂ ಆಪರೇಷನ್ ಆಗಿದೆಯೇ' ಎಂದು ಫಾರಂ ಕೇಳಿದರೆ 'ಹೌದು' ಎಂದೇ ಬರೆಯಬೇಕು. ಲೆಕ್ಕಕ್ಕೆ ಬರುವುದು ಒಂದು ಮಾತು, ಕೇಳಿದ್ದಕ್ಕೆ ಉತ್ತರ ಕೊಡುವುದು ಇನ್ನೊಂದು ಮಾತು. ಹಿಂದಕ್ಕೆ ನೋಡುವ ಗಡಿ ಮೂರು ವರ್ಷವೇ ಆದರೂ ಪ್ರಶ್ನೆ ಕೇಳುವುದಕ್ಕೆ ಆ ಗಡಿ ಇಲ್ಲ.

36 ತಿಂಗಳು ಗರಿಷ್ಠ ಮಿತಿ. ಕಂಪನಿ ಎರಡು ವರ್ಷ ಅಂತ ಇಡಬಹುದು, ಒಂದು ಅಂತಲೂ ಇಡಬಹುದು. ಶುಗರ್, ಬಿಪಿ, ಅಸ್ತಮಾ, ಕೊಲೆಸ್ಟ್ರಾಲ್‌ಗೆ ಒಂದು ತಿಂಗಳಾದ ಕೂಡಲೇ ಕವರ್ ಕೊಡುವ ಪಾಲಿಸಿಗಳೂ ಬಂದಿವೆ. ಆದರೆ ಅದಕ್ಕೆ ಹೆಚ್ಚುವರಿ ಪ್ರೀಮಿಯಂ ಇರುತ್ತದೆ, ಮತ್ತು ಕವರ್ ಇರುವುದು ಹೆಸರಿಸಿದ ಕಾಯಿಲೆಗಳಿಗಷ್ಟೇ. 'ಮೊದಲ ದಿನದಿಂದ ಎಲ್ಲಾ' ಅನ್ನುವ ಮೆಸೇಜಿನಲ್ಲಿ ಆ 'ಎಲ್ಲಾ' ಪದವನ್ನೇ ಅನುಮಾನದಿಂದ ನೋಡಬೇಕು.

ಇನ್ನೂ ಒಂದು ಮಾತು. ಶುಗರ್ ಇದೆ ಅಂತ ಹೇಳಿ ಪಾಲಿಸಿ ಕೊಂಡವರಿಗೆ ಎರಡನೇ ತಿಂಗಳಲ್ಲಿ ಡೆಂಗಿ ಬಂದರೆ ಹಣ ಸಿಗಬೇಕು. ಅಪಘಾತಕ್ಕಂತೂ ಮೊದಲ ದಿನದಿಂದಲೇ ಸಿಗುತ್ತದೆ. ಕಾಯಬೇಕಾದದ್ದು ಶುಗರ್‌ಗೆ, ಅದರಿಂದಾಗುವ ಕಿಡ್ನಿ ತೊಂದರೆ, ಕಾಲಿನ ಗ್ಯಾಂಗ್ರಿನ್‌ನಂಥವುಗಳಿಗೆ. ಇಡೀ ಪಾಲಿಸಿ ಮೂರು ವರ್ಷ ನಿದ್ದೆ ಮಾಡುತ್ತದೆ ಅಂದುಕೊಂಡು ಕ್ಲೇಮೇ ಹಾಕದವರೂ ಇದ್ದಾರೆ.

ಗೊತ್ತೇ ಇಲ್ಲದ ಶುಗರ್

ನಮ್ಮ ಕಡೆ ಬಹಳ ಜನಕ್ಕೆ ಶುಗರ್ ಇರುವುದು ಗೊತ್ತಾಗುವುದೇ ಬೇರೆ ಯಾವುದೋ ಕಾಯಿಲೆಗೆ ಆಸ್ಪತ್ರೆಗೆ ಹೋದಾಗ. ಪಾಲಿಸಿ ಕೊಂಡು ಐದು ತಿಂಗಳಾಗಿದೆ, ಕಾಲಿನ ಹುಣ್ಣು ಮಾಯುತ್ತಿಲ್ಲ ಅಂತ ಹೋದರೆ ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ 11 ಬಂತು ಅನ್ನಿ. ಇದು ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ. 'ಇಷ್ಟು ಏರಿದೆ ಅಂದರೆ ನಿನ್ನೆ ಮೊನ್ನೆ ಬಂದದ್ದಲ್ಲ' ಅನ್ನುತ್ತದೆ ಕಂಪನಿ.

ವೈದ್ಯಕೀಯವಾಗಿ ಅದು ನಿಜವಿರಬಹುದು. ಆದರೆ ನಿಯಮ ಕೇಳುವುದು 'ಕಾಯಿಲೆ ದೇಹದಲ್ಲಿ ಇತ್ತಾ' ಎಂದಲ್ಲ. 'ಡಾಕ್ಟರ್ ಪತ್ತೆ ಮಾಡಿದ್ದರಾ, ಸಲಹೆ ಅಥವಾ ಚಿಕಿತ್ಸೆ ಕೊಟ್ಟಿದ್ದರಾ' ಎಂದು. ಪಾಲಿಸಿಗೆ ಮುಂಚೆ ಯಾರೂ ಪತ್ತೆ ಮಾಡಿರದಿದ್ದರೆ, ಈಗಿನ ವ್ಯಾಖ್ಯೆಯ ಪ್ರಕಾರ ಅದು ಮೊದಲೇ ಇದ್ದ ಕಾಯಿಲೆ ಆಗುವುದಿಲ್ಲ. ಲಕ್ಷಣಗಳು ಇದ್ದಿರಬಹುದು ಎಂಬ ಊಹೆ ಸಾಲದು. ತಿರಸ್ಕಾರದ ಪತ್ರ ಕೈಗೆ ಬಂದಾಗ ಈ ಒಂದು ವಾಕ್ಯ ಬಹಳ ಕೆಲಸಕ್ಕೆ ಬರುತ್ತದೆ.

ಇನ್ನೊಂದು ಪಟ್ಟಿಯೂ ಇದೆ

ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿ, ಕಿಡ್ನಿ ಕಲ್ಲು, ಮೊಣಕಾಲು ಬದಲಿಸುವುದು, ಇಂಥ ನಿಧಾನವಾಗಿ ಮಾಡಿಸಬಹುದಾದ ಆಪರೇಷನ್‌ಗಳಿಗೆ ಬೇರೆಯೇ ಕಾಯುವ ಅವಧಿ ಇದೆ. ಸಾಮಾನ್ಯವಾಗಿ ಎರಡು ವರ್ಷ, ಮಿತಿ ಮೂರು ವರ್ಷ. ಇದು ಕಾಯಿಲೆ ಮೊದಲೇ ಇದ್ದವರಿಗೆ ಮಾತ್ರ ಅಲ್ಲ, ಎಲ್ಲರಿಗೂ. ಮೇಲಿನ ಕಿಡ್ನಿ ಕಲ್ಲಿನವರು ಒಂದು ಬಾಗಿಲಲ್ಲಿ ಪಾರಾಗಿ ಇನ್ನೊಂದರಲ್ಲಿ ಸಿಕ್ಕಿಬೀಳುವುದು ಹೀಗೆ. ಪಾಲಿಸಿ ಪುಸ್ತಕದಲ್ಲಿ ಈ ಪಟ್ಟಿ ಇರುತ್ತದೆ, ಏಜೆಂಟರ ಬಾಯಲ್ಲಿ ಇರುವುದು ಕಡಿಮೆ.

ಐದು ವರ್ಷದ ಗಡಿ ಏನು ಹೇಳುತ್ತದೆ?

ಸತತವಾಗಿ 60 ತಿಂಗಳು ಪಾಲಿಸಿ ನಡೆದ ಮೇಲೆ 'ನೀವು ಆಗ ಈ ವಿಷಯ ಹೇಳಿರಲಿಲ್ಲ' ಎಂಬ ಕಾರಣಕ್ಕೆ ಕಂಪನಿ ಕ್ಲೇಮ್ ತಿರಸ್ಕರಿಸುವಂತಿಲ್ಲ. ಇದನ್ನೇ ಮೊರಟೋರಿಯಂ ಅನ್ನುತ್ತಾರೆ. ಮೇಲಿನ ಉದಾಹರಣೆಯಲ್ಲಿ ಅದು 2030ರ ನವೆಂಬರ್‌ಗೆ ಮುಗಿಯುತ್ತದೆ.

ಆದರೆ 'ಏನೂ ಕೇಳೋ ಹಾಗಿಲ್ಲ' ಎಂಬುದು ಉತ್ಪ್ರೇಕ್ಷೆ. ಬೇಕಂತಲೇ ಮೋಸ ಮಾಡಿದ್ದಾರೆ ಎಂದು ಸಾಬೀತಾದರೆ ಐದು ವರ್ಷದ ನಂತರವೂ ರಕ್ಷಣೆ ಇಲ್ಲ. ಪಾಲಿಸಿಯಲ್ಲೇ ಕಾಯಂ ಆಗಿ ಹೊರಗಿಟ್ಟ ಚಿಕಿತ್ಸೆಗಳು ಹೊರಗೇ ಇರುತ್ತವೆ. ಮಧ್ಯೆ ಮೊತ್ತ ಏರಿಸಿದರೆ ಏರಿಸಿದ ಭಾಗಕ್ಕೆ ಗಡಿಯಾರ ಹೊಸದಾಗಿ ಶುರುವಾಗುತ್ತದೆ. 5 ಲಕ್ಷದ ಪಾಲಿಸಿಯನ್ನು ನಾಲ್ಕನೇ ವರ್ಷ 10 ಲಕ್ಷ ಮಾಡಿದರೆ, ಮೊದಲ 5 ಲಕ್ಷಕ್ಕೆ ಐದು ವರ್ಷ ತುಂಬಿದಾಗ ಉಳಿದ 5 ಲಕ್ಷಕ್ಕೆ ಇನ್ನೂ ಒಂದೆರಡು ವರ್ಷವಷ್ಟೇ ಆಗಿರುತ್ತದೆ. ನವೀಕರಣ ತಪ್ಪಿ ಪಾಲಿಸಿ ಮುರಿದುಬಿದ್ದರೆ ಇಡೀ ಲೆಕ್ಕವೇ ಮೊದಲಿನಿಂದ.

ಇದನ್ನು ಜೀವ ವಿಮೆಯ ಜೊತೆ ಬೆರೆಸುವುದೂ ಇದೆ. 1938ರ ವಿಮಾ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಜೀವ ವಿಮೆಯನ್ನು ಮೂರು ವರ್ಷದ ನಂತರ ಪ್ರಶ್ನಿಸುವಂತಿಲ್ಲ. ಅದು ಜೀವ ವಿಮೆಗೆ. ಆರೋಗ್ಯ ವಿಮೆಗೆ ಐದು.

ಜಗಳ ಹುಟ್ಟುವುದು ಕೇಸ್ ಶೀಟಿನಲ್ಲಿ

ಕ್ಲೇಮ್ ಬೀಳುವುದು ಎರಡು ಕಾಗದಗಳ ನಡುವಿನ ಬಿರುಕಿನಲ್ಲಿ. ಒಂದು, ಪಾಲಿಸಿ ಕೊಳ್ಳುವಾಗಿನ ಪ್ರಪೋಸಲ್ ಫಾರಂ. ಇನ್ನೊಂದು, ಆಸ್ಪತ್ರೆ ಸೇರಿದ ರಾತ್ರಿ ಬರೆದ ಕೇಸ್ ಶೀಟು.

ಮೊದಲನೆಯದು ಹೇಗೆ ತುಂಬುತ್ತದೆ? ಬಹಳ ಸಲ ಏಜೆಂಟರ ಮೊಬೈಲಿನಲ್ಲಿ, ಇಂಗ್ಲಿಷಿನಲ್ಲಿ. ಹತ್ತಾರು ಪ್ರಶ್ನೆಗಳಿಗೆ 'ಇಲ್ಲ, ಇಲ್ಲ, ಇಲ್ಲ' ಎಂಬ ಟಿಕ್ಕು. ಕೊಳ್ಳುವವರು ಮಾಡುವುದು ಬಂದ ಓಟಿಪಿಯನ್ನು ಓದಿ ಹೇಳುವುದಷ್ಟೇ. 'ಶುಗರ್ ಇದೆ ಅಂತ ಹಾಕಿದ್ರೆ ಮೆಡಿಕಲ್ ಟೆಸ್ಟ್ ಬರುತ್ತೆ, ಲೇಟ್ ಆಗುತ್ತೆ, ಬಿಡ್ರಿ' ಎಂಬ ಸಲಹೆ ಬರುವುದೂ ಈ ಹೊತ್ತಿನಲ್ಲೇ. ಕಾನೂನಿನ ಕಣ್ಣಲ್ಲಿ ಆ ಓಟಿಪಿ ನಿಮ್ಮ ಸಹಿ. ಏಜೆಂಟರು ತುಂಬಿದರು ಅನ್ನುವ ಸಮರ್ಥನೆ ಆಮೇಲೆ ಅಷ್ಟಾಗಿ ನಿಲ್ಲುವುದಿಲ್ಲ.

ಎರಡನೆಯದು ಇನ್ನೂ ವಿಚಿತ್ರ. ಎದೆನೋವು ಅಂತ ರಾತ್ರಿ ಎರಡು ಗಂಟೆಗೆ ಕರೆತಂದಿದ್ದಾರೆ. ಡ್ಯೂಟಿ ಡಾಕ್ಟರ್ ಕೇಳುತ್ತಾರೆ, 'ಶುಗರ್, ಬಿಪಿ ಇದೆಯಾ? ಎಷ್ಟು ವರ್ಷದಿಂದ?' ಜೊತೆಗೆ ಬಂದ ಅಳಿಯ ಗಾಬರಿಯಲ್ಲಿ ಹೇಳುತ್ತಾನೆ, 'ಐದಾರು ವರ್ಷ ಆತ್ರಿ ಸಾರ್, ಶುಗರ್ ಐತ್ರಿ.' ಡಾಕ್ಟರ್ ಬರೆದುಕೊಳ್ಳುತ್ತಾರೆ: ಆರು ವರ್ಷದಿಂದ ಶುಗರ್. ನಿಜವಾಗಿ ಎರಡು ವರ್ಷದ್ದಿರಬಹುದು. ಪಾಲಿಸಿ ಕೊಂಡ ಮೇಲೆಯೇ ಬಂದದ್ದೂ ಇರಬಹುದು. ಆದರೆ ಕ್ಲೇಮ್ ಪರಿಶೀಲಿಸುವವರ ಮೇಜಿಗೆ ಹೋಗುವುದು ಆ ಸಾಲು. ಫಾರಂನಲ್ಲಿ 'ಇಲ್ಲ', ಕೇಸ್ ಶೀಟಿನಲ್ಲಿ 'ಆರು ವರ್ಷ'. ಕಂಪನಿಗೆ ಅಷ್ಟು ಸಾಕು.

ಆಗ ಬರುವ ಪತ್ರದಲ್ಲಿ ಕಾರಣ ಎರಡರಲ್ಲಿ ಒಂದಿರುತ್ತದೆ, ಅಥವಾ ಎರಡೂ ಕಲಸಿಕೊಂಡಿರುತ್ತವೆ. 'ಮೊದಲೇ ಇದ್ದ ಕಾಯಿಲೆ, ಕಾಯುವ ಅವಧಿ ಮುಗಿದಿಲ್ಲ' ಅಂದರೆ ಈ ಕ್ಲೇಮ್ ಹೋಯಿತು, ಪಾಲಿಸಿ ಉಳಿಯಿತು. 'ವಿಷಯ ಮುಚ್ಚಿಟ್ಟಿದ್ದೀರಿ' ಅಂದರೆ ಪಾಲಿಸಿಯೇ ರದ್ದಾಗಬಹುದು, ಕಟ್ಟಿದ ಪ್ರೀಮಿಯಂ ಕೂಡ ಮುಟ್ಟುಗೋಲು ಆಗಬಹುದು. ಎರಡನೆಯದು ಎಷ್ಟೋ ಪಟ್ಟು ಕೆಟ್ಟದ್ದು. ಹೇಳಿದ ಕಾಯಿಲೆಗೆ ಹೆಚ್ಚೆಂದರೆ ಮೂರು ವರ್ಷದ ಶಿಕ್ಷೆ. ಹೇಳದ ಕಾಯಿಲೆಯ ಭಯ ಐದು ವರ್ಷ. ಟೆಸ್ಟ್ ತಪ್ಪಿಸಲು 'ಇಲ್ಲ' ಅಂತ ಹಾಕುವುದು ಲೆಕ್ಕದಲ್ಲೂ ದಡ್ಡತನವೇ.

ತಪ್ಪಾಗಿ ಬರೆದ ಕೇಸ್ ಶೀಟನ್ನು ತಿದ್ದಿಸಿಕೊಳ್ಳುವುದು ಅಪರಾಧವಲ್ಲ. ಹಳೆಯ ರಕ್ತ ಪರೀಕ್ಷೆ, ಮೊದಲ ಮಾತ್ರೆ ಚೀಟಿ ತೋರಿಸಿ, ಅವಧಿ ಇಷ್ಟು ಎಂದು ಚಿಕಿತ್ಸೆ ಕೊಟ್ಟ ಡಾಕ್ಟರಿಂದ ಪತ್ರ ತೆಗೆದುಕೊಳ್ಳಬಹುದು. ಕಷ್ಟ ಏನೆಂದರೆ, ನಮ್ಮ ಊರುಗಳಲ್ಲಿ ಆ ಚೀಟಿಗಳನ್ನು ಯಾರು ಇಟ್ಟಿರುತ್ತಾರೆ?

ಕೋರ್ಟುಗಳು ಎಳೆದ ಗೆರೆ

ಕಂಪನಿಗಳ ವಾದ ಇದು: ವಿಮೆ ನಂಬಿಕೆಯ ಒಪ್ಪಂದ, ನಿಮ್ಮ ದೇಹದ ವಿಷಯ ನಿಮಗೆ ಮಾತ್ರ ಗೊತ್ತು, ಹೇಳದಿದ್ದರೆ ನಾವು ಬೆಲೆ ಕಟ್ಟುವುದು ಹೇಗೆ? ಗ್ರಾಹಕರ ವಾದ: ಪ್ರೀಮಿಯಂ ತೆಗೆದುಕೊಳ್ಳುವಾಗ ಯಾವ ತನಿಖೆಯೂ ಇಲ್ಲ, ಹಣ ಕೊಡುವಾಗ ಮಾತ್ರ ಹತ್ತು ವರ್ಷದ ಚೀಟಿ ಯಾಕೆ?

ಸುಪ್ರೀಂ ಕೋರ್ಟ್ ಎರಡೂ ಕಡೆ ಮಾತಾಡಿದೆ. 2009ರ ಸತ್ವಂತ್ ಕೌರ್ ಸಂಧು ಪ್ರಕರಣದಲ್ಲಿ, ಶುಗರ್ ಮತ್ತು ಕಿಡ್ನಿ ಕಾಯಿಲೆ ಇದ್ದರೂ ಫಾರಂನಲ್ಲಿ ಆರೋಗ್ಯವಾಗಿದ್ದೇನೆ ಎಂದು ಬರೆದದ್ದು ಮುಖ್ಯ ಸಂಗತಿ ಮುಚ್ಚಿಟ್ಟಂತೆ ಎಂದು ಕಂಪನಿಯ ಕಡೆ ತೀರ್ಪು ಬಂತು. 2021ರ ಮನಮೋಹನ್ ನಂದಾ ಪ್ರಕರಣದಲ್ಲಿ ತಿರುವು ಬೇರೆ. ಅಮೆರಿಕಕ್ಕೆ ಹೊರಟವರು ಶುಗರ್ ಇದೆ ಎಂದು ಹೇಳಿಯೇ ಪಾಲಿಸಿ ಕೊಂಡಿದ್ದರು. ಅಲ್ಲಿ ಹೃದಯಾಘಾತವಾಯಿತು. ಕೊಲೆಸ್ಟ್ರಾಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದುದನ್ನು ಹೇಳಿಲ್ಲ ಎಂದು ಕಂಪನಿ ಹಣ ನಿರಾಕರಿಸಿತು. ಶುಗರ್ ಇರುವುದು ಗೊತ್ತಿದ್ದೇ ಪಾಲಿಸಿ ಕೊಟ್ಟ ಮೇಲೆ ಹೀಗೆ ಹಿಂದೆ ಸರಿಯುವಂತಿಲ್ಲ ಎಂದಿತು ಕೋರ್ಟ್.

ಈ ಎರಡನ್ನು ಒಟ್ಟಿಗೆ ಇಟ್ಟು ನೋಡಿದರೆ ಗೆರೆ ಕಾಣುತ್ತದೆ. ದೊಡ್ಡ ವಿಷಯ ಹೇಳಿದ್ದೀರಾ ಎಂಬುದು ಮುಖ್ಯ. ಹೇಳಿದ ಮೇಲೆ ಅದರ ಅಂಚಿನ ಸಣ್ಣ ವಿಷಯ ಹಿಡಿದು ಕಂಪನಿ ಜಗ್ಗುವಂತಿಲ್ಲ.

ಬಿಪಿ ಇದ್ದವರಿಗೆ ಹೃದಯಾಘಾತವಾದರೆ? ಇದು ಇನ್ನೂ ಗಲಾಟೆಯ ಜಾಗ. ಬಿಪಿಯ ನೇರ ಪರಿಣಾಮ ಅನ್ನುತ್ತದೆ ಕಂಪನಿ. ಬಿಪಿ ಇದ್ದವರಿಗೆಲ್ಲ ಹೃದಯಾಘಾತ ಆಗುವುದಿಲ್ಲ, ಆದವರಿಗೆಲ್ಲ ಬಿಪಿಯೂ ಇರುವುದಿಲ್ಲ ಅನ್ನುತ್ತಾರೆ ಎದುರಿನವರು. ಗ್ರಾಹಕ ಆಯೋಗಗಳು ಹಲವು ಪ್ರಕರಣಗಳಲ್ಲಿ ಗ್ರಾಹಕರ ಮಾತು ಒಪ್ಪಿವೆ. ಆದರೆ ಪ್ರಕರಣದಿಂದ ಪ್ರಕರಣಕ್ಕೆ ಬದಲಾಗುತ್ತದೆ. ಇದನ್ನು ನಂಬಿಕೊಂಡು ವಿಷಯ ಮುಚ್ಚಿಡುವುದು ಅಪಾಯ.

ಮುಂದೆ ಏನಾಗಬಹುದು?

ಕಾಯುವ ಅವಧಿ ಕಡಿಮೆಯಾದರೆ ಕಂಪನಿ ಮೊದಲಿಗಿಂತ ಬೇಗ ಹಣ ಕೊಡಬೇಕು. ಆ ಹಣ ಎಲ್ಲಿಂದ ಬರುತ್ತದೆ? ಪ್ರೀಮಿಯಂನಿಂದಲೇ. ಇನ್ನೊಂದು ಕಡೆ, ಜಿಎಸ್‌ಟಿ ಪೂರ್ತಿ ತೆಗೆದದ್ದರಿಂದ ಕಂಪನಿಗಳು ತಮ್ಮ ಖರ್ಚಿನ ಮೇಲೆ ಕಟ್ಟಿದ ತೆರಿಗೆಯನ್ನು ಹಿಂದಕ್ಕೆ ಪಡೆಯುವ ಅವಕಾಶ ಕಳೆದುಕೊಂಡವು. ಹಾಗಾಗಿ ಶೇ 18 ಪೂರ್ತಿಯಾಗಿ ಜೇಬಲ್ಲಿ ಉಳಿಯುತ್ತದೆ ಅನ್ನುವ ಖಾತ್ರಿ ಇಲ್ಲ. ಮೂಲ ದರವನ್ನೇ ಸ್ವಲ್ಪ ಏರಿಸಿದರೆ ಆ ಉಳಿತಾಯ ಕರಗುತ್ತದೆ.

60 ದಾಟಿದವರಿಗೆ ಒಂದು ತಡೆಗೋಡೆ ಇದೆ. 2025ರ ಜನವರಿಯಿಂದ ಹಿರಿಯ ನಾಗರಿಕರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಜಾಸ್ತಿ ಏರಿಸಬೇಕಾದರೆ ಕಂಪನಿ ಮೊದಲು ಪ್ರಾಧಿಕಾರವನ್ನು ಕೇಳಬೇಕು. ಇದು ಹಳಬರನ್ನು ಕಾಯುತ್ತದೆ. ಹೊಸಬರ ವಿಷಯದಲ್ಲಿ ಉಲ್ಟಾ ಹೊಡೆಯಬಹುದು. ಆಮೇಲೆ ಏರಿಸಲು ಆಗುವುದಿಲ್ಲ ಅಂದಾಗ ಕಂಪನಿ ಮೊದಲೇ ಜಾಸ್ತಿ ಬೆಲೆ ಹೇಳುತ್ತದೆ. ಶುಗರ್ ಇದೆ ಅಂದವರಿಗೆ ಲೋಡಿಂಗ್, ಅಂದರೆ ಹೆಚ್ಚುವರಿ ಪ್ರೀಮಿಯಂ, ಹಾಕುತ್ತದೆ, ಅಥವಾ ಅರ್ಜಿಯನ್ನೇ ನಯವಾಗಿ ವಾಪಸ್ ಕಳಿಸುತ್ತದೆ. ವಯಸ್ಸಿನ ಮಿತಿ ಇಡುವಂತಿಲ್ಲ ಅಂದರೆ ಕೇಳಿದವರಿಗೆಲ್ಲ ಕೊಡಲೇಬೇಕು ಅಂತ ಅರ್ಥವಲ್ಲ. ಪರೀಕ್ಷೆ ಮಾಡಿ, ಅಪಾಯ ಅಳೆದು, ಕೊಡುವುದಿಲ್ಲ ಅನ್ನುವ ಹಕ್ಕು ಕಂಪನಿಗೆ ಉಳಿದಿದೆ.

ಪ್ರಾಧಿಕಾರದ ವಾರ್ಷಿಕ ವರದಿ ಪ್ರಕಾರ 2023-24ರಲ್ಲಿ ಆರೋಗ್ಯ ವಿಮೆಯಲ್ಲಿ ಸುಮಾರು 1.17 ಲಕ್ಷ ಕೋಟಿ ರೂಪಾಯಿ ಕ್ಲೇಮ್ ಬಂದಿತ್ತು. ಕಂಪನಿಗಳು ಕೊಟ್ಟದ್ದು ಸುಮಾರು 83 ಸಾವಿರ ಕೋಟಿ. ಉಳಿದದ್ದೆಲ್ಲ ಹಳೆ ಕಾಯಿಲೆಯ ಹೆಸರಲ್ಲಿ ನಿಂತದ್ದಲ್ಲ. ಬಾಕಿ ಉಳಿದದ್ದು, ಬಿಲ್ಲಿನಲ್ಲಿ ಕಡಿತವಾದದ್ದು ಎಲ್ಲ ಸೇರಿದೆ. ಆದರೂ ಅಂತರ ಸಣ್ಣದಲ್ಲ.

ಕೆಲಸ ಬಿಟ್ಟ ದಿನ

ಮೂರನೆಯ ಮನೆಗೆ, ಅಂದರೆ ಕಾರ್ಖಾನೆ ನೌಕರರಿಗೆ ಮರಳೋಣ. ಗ್ರೂಪ್ ಪಾಲಿಸಿ ಇದ್ದಷ್ಟು ದಿನ ನಿಶ್ಚಿಂತೆ. ಕೆಲಸ ಬಿಟ್ಟ ದಿನ ಅಥವಾ ನಿವೃತ್ತಿಯ ದಿನ ಅದು ನಿಲ್ಲುತ್ತದೆ. 58ರಲ್ಲಿ, ಶುಗರ್ ಜೊತೆ, ಹೊಸ ಗ್ರಾಹಕರಾಗಿ ಸಾಲಿನ ಕೊನೆಗೆ ನಿಲ್ಲಬೇಕಾಗುತ್ತದೆ.

ಇದಕ್ಕೆ ದಾರಿ ಇದೆ, ಗೊತ್ತಿರುವವರು ಕಡಿಮೆ. ಗ್ರೂಪ್ ಪಾಲಿಸಿ ಕೊಟ್ಟ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗವಾಗಬಹುದು. ಗ್ರೂಪಿನಲ್ಲಿ ಕಳೆದ ವರ್ಷಗಳು ಕಾಯುವ ಅವಧಿಗೆ ಜಮಾ ಆಗುತ್ತವೆ. ಆದರೆ ಕೆಲಸ ಬಿಡುವ ಮುಂಚೆಯೇ ಎಚ್‌ಆರ್ ಬಳಿ ಕೇಳಬೇಕು. ಪಾಲಿಸಿ ನಿಂತು ತಿಂಗಳುಗಳಾದ ಮೇಲೆ ಕೇಳಿದರೆ ಆಗುವುದಿಲ್ಲ.

ಸ್ವಂತ ಪಾಲಿಸಿ ಇದ್ದವರು ಕಂಪನಿ ಬದಲಿಸುವಾಗಲೂ ಹಾಗೆಯೇ. ಪೋರ್ಟ್ ಮಾಡಿದರೆ, ಅಂದರೆ ಇದ್ದ ಪಾಲಿಸಿಯನ್ನೇ ಇನ್ನೊಂದು ಕಂಪನಿಗೆ ವರ್ಗಾಯಿಸಿದರೆ, ಕಾದ ವರ್ಷಗಳು ಜೊತೆಗೆ ಬರುತ್ತವೆ. ಹಳೆಯದನ್ನು ಬಿಟ್ಟು ಹೊಸದನ್ನು ಕೊಂಡರೆ ಬರುವುದಿಲ್ಲ. ಏಜೆಂಟರಿಗೆ ಎರಡೂ ಒಂದೇ ಅನ್ನಿಸಬಹುದು, ನಿಮಗೆ ಅಲ್ಲ. ನವೀಕರಣದ ದಿನಕ್ಕೆ ಒಂದೂವರೆ ತಿಂಗಳು ಇರುವಾಗಲೇ ಶುರು ಮಾಡುವುದು ಒಳ್ಳೆಯದು.

ತಿರಸ್ಕಾರದ ಪತ್ರ ಬಂದರೆ

ಈಗಿನ ನಿಯಮದಲ್ಲಿ ಒಬ್ಬ ಅಧಿಕಾರಿ ಕೂತು ಕ್ಲೇಮ್ ತಿರಸ್ಕರಿಸುವಂತಿಲ್ಲ. ಕಂಪನಿಯ ಪರಿಶೀಲನಾ ಸಮಿತಿ ಒಪ್ಪಬೇಕು. ಪಾಲಿಸಿಯ ಯಾವ ಷರತ್ತಿನ ಪ್ರಕಾರ ತಿರಸ್ಕರಿಸಿದ್ದು ಎಂದು ಪತ್ರದಲ್ಲಿ ಹೇಳಬೇಕು. ಹಾಗಾಗಿ ಮೊದಲು ನೋಡಬೇಕಾದದ್ದು ಆ ಷರತ್ತು. ಕಾಯುವ ಅವಧಿಯೋ, ಮುಚ್ಚಿಟ್ಟ ಆರೋಪವೋ? ಉತ್ತರ ಅದರ ಮೇಲೆ ನಿಂತಿದೆ.

ಮೊದಲ ದೂರು ಕಂಪನಿಯ ಕುಂದುಕೊರತೆ ವಿಭಾಗಕ್ಕೆ. ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ಅಥವಾ 155255ಕ್ಕೆ ಫೋನ್ ಮಾಡಿಯೂ ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದದ್ದು ಒಪ್ಪಿಗೆಯಾಗದಿದ್ದರೆ, ವಿಮೆಯ ದೂರುಗಳನ್ನು ವಿಚಾರಿಸಿ ಆದೇಶ ಕೊಡುವ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನಲ್ಲಿದೆ. ಫೀಸಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ವಿವಾದ ನೋಡುತ್ತಾರೆ. ಕಂಪನಿಯ ಕೊನೆಯ ಉತ್ತರದಿಂದ ಒಂದು ವರ್ಷದೊಳಗೆ ಹೋಗಬೇಕು. ಅವರ ಆದೇಶವನ್ನು ಕಂಪನಿ 30 ದಿನದಲ್ಲಿ ಪಾಲಿಸದಿದ್ದರೆ ದಿನಕ್ಕೆ 5,000 ರೂಪಾಯಿ ದೂರುದಾರರಿಗೆ ಕೊಡಬೇಕು.

ಇನ್ನೊಂದು ದಾರಿ ಜಿಲ್ಲಾ ಗ್ರಾಹಕ ಆಯೋಗ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಇದೆ. ಕಂಪನಿಯ ಆಫೀಸು ಮುಂಬೈಯಲ್ಲಿದ್ದರೂ 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಎರಡು ವರ್ಷದೊಳಗೆ. ಆದರೆ ಅದೇ ವಿಷಯ ಆಯೋಗದ ಮುಂದಿದ್ದರೆ ಓಂಬುಡ್ಸ್‌ಮನ್ ಮುಟ್ಟುವುದಿಲ್ಲ. ಹಾಗಾಗಿ ಖರ್ಚಿಲ್ಲದ ದಾರಿಯನ್ನು ಮೊದಲು ಹಿಡಿದು, ಅಲ್ಲಿ ಆಗದಿದ್ದರೆ ಆಯೋಗದ ಬಾಗಿಲು ತಟ್ಟುವುದು ರೂಢಿ. ಎರಡೂ ಕಡೆ ಮೊದಲು ಕೇಳುವುದು ಅದೇ ಎರಡು ಕಾಗದ: ಪ್ರಪೋಸಲ್ ಫಾರಂನ ಪ್ರತಿ ಮತ್ತು ಆಸ್ಪತ್ರೆಯ ಕೇಸ್ ಶೀಟು. ಫಾರಂನ ಪ್ರತಿ ಸಾಮಾನ್ಯವಾಗಿ ಪಾಲಿಸಿ ಪುಸ್ತಕದ ಜೊತೆಯಲ್ಲೇ ಇರುತ್ತದೆ. ಪಾಲಿಸಿ ಕೈಗೆ ಬಂದ 30 ದಿನದೊಳಗೆ ಅದನ್ನು ಓದಿ, 'ಇಲ್ಲ' ಎಂಬ ತಪ್ಪು ಟಿಕ್ಕು ಕಂಡರೆ ಕಂಪನಿಗೆ ಬರೆದು ತಿದ್ದಿಸಬಹುದು. ಬೇಡ ಅನ್ನಿಸಿದರೆ ಪಾಲಿಸಿಯನ್ನೇ ವಾಪಸ್ ಮಾಡಬಹುದು.